‘ಆಗಲ್ಲ’ ಅನ್ನುವುದನ್ನು ಹಡಗು ಹತ್ತುವ ಮೊದಲೇ ಹೇಳಿ

ಕೇಂದ್ರ ಸರ್ಕಾರದಲ್ಲಿ ಕಾರು ಆಮದಿನ ನಿಯಮ ಬರೆಯುವ ಮತ್ತು ಸುಂಕ ವಸೂಲಿ ಮಾಡುವ ಎಲ್ಲ ಅಧಿಕಾರಿಗಳಿಗೆ,

ಜೊತೆಗೆ, ಹೊರದೇಶದಲ್ಲಿ ಕೂತು ‘ಈ ಕಾರನ್ನ ಊರಿಗೆ ಕಳಿಸಿಬಿಡೋಣ’ ಅಂದುಕೊಳ್ಳುತ್ತಿರುವ ಅಕ್ಕ, ಅಣ್ಣ, ಭಾವಂದಿರಿಗೆ,

ನಮಸ್ಕಾರ.

ಕಾರಿನ ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆದರೆ ಬುಡದ ಹತ್ತಿರ ಒಂದು ಪುಟ್ಟ ಚೀಟಿ ಕಾಣುತ್ತದೆ. ಬೆಲ್ಟ್ ತಯಾರಾದ ತಿಂಗಳು, ವರ್ಷ ಸಾಮಾನ್ಯವಾಗಿ ಅದರ ಮೇಲಿರುತ್ತದೆ. ಇದು ನನಗೆ ಗೊತ್ತಿರಲಿಲ್ಲ. 2025ರ ಮಾರ್ಚ್‌ನಲ್ಲಿ ಬಂದರಿನ ಅಂಗಳದಲ್ಲಿ ನಿಂತಿದ್ದ, ಇಂಗ್ಲೆಂಡಿನಿಂದ ಅಕ್ಕ ನನಗೆ ಕಳಿಸಿದ್ದ ಕಾರಿನ ಬಾಗಿಲು ತೆಗೆದು, ಕಸ್ಟಮ್ಸ್ ಅಧಿಕಾರಿಯೊಬ್ಬರು ಆ ಬೆಲ್ಟ್ ಎಳೆದು ಓದಿದರು. ‘ಜುಲೈ 2021’ ಅಂದರು. ಆಮೇಲೆ ನನ್ನ ಕಡೆ ತಿರುಗಿ, ‘ನಿಮ್ಮ ಕಾಗದದಲ್ಲಿ ಮಾರ್ಚ್ 2022 ಇದೆಯಲ್ಲ?’ ಅಂತ ಕೇಳಿದರು.

ಅಲ್ಲಿಗೆ ಕಾರಿನ ಕಥೆ ಮುಗಿಯಿತು. ಆಮೇಲಿನ ಐದು ತಿಂಗಳು ನಾನು ಮಾಡಿದ್ದು ಬರೀ ಬಿಲ್ಲು ಕಟ್ಟುವ ಕೆಲಸ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಇಪ್ಪತ್ತು ವರ್ಷದಿಂದ ಜನರಿಗೆ ಅರ್ಜಿ ತುಂಬಿಕೊಡುತ್ತಿದ್ದೇನೆ. ಪಹಣಿ, ಪಿಂಚಣಿ, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಯಾವ ಕಾಲಂನಲ್ಲಿ ಏನು ಬರೆಯಬೇಕು ಅಂತ ಬಾಯಿಪಾಠ. ಅಂಥವನೇ ಒಂದು ದಿನಾಂಕ ತಪ್ಪು ಓದಿ ಹಳ್ಳಕ್ಕೆ ಬಿದ್ದೆ. ಆದ್ದರಿಂದ ಈ ಪತ್ರವನ್ನು ಮೋಸಹೋದ ಬಡಪಾಯಿಯ ಗೋಳು ಅಂತ ಓದಬೇಡಿ. ತಪ್ಪಿನಲ್ಲಿ ನನ್ನ ಪಾಲು ದೊಡ್ಡದೇ ಇದೆ.

ಅಕ್ಕ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದಳು. ಭಾವನಿಗೆ ಕೆನಡಾದಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಗಾಡಿ ಓಡುವುದು ರಸ್ತೆಯ ಬಲಗಡೆ, ಸ್ಟೀರಿಂಗ್ ಎಡಗಡೆ. ಇಂಗ್ಲೆಂಡಿನ ಕಾರು ಅಲ್ಲಿಗೆ ಒಯ್ದು ಪ್ರಯೋಜನವಿಲ್ಲ. ‘ನಮ್ಮೂರಲ್ಲೂ ಸ್ಟೀರಿಂಗ್ ಬಲಕ್ಕೇ ಅಲ್ವಾ? ನೀನೇ ಇಟ್ಕೋ’ ಅಂದಳು. ಹೈಬ್ರಿಡ್ ಕಾರು, 1.8 ಲೀಟರ್ ಎಂಜಿನ್, ಗೀರು ಕೂಡ ಇಲ್ಲದ ಹಾಗೆ ಇಟ್ಟುಕೊಂಡಿದ್ದಳು. ಅಪ್ಪನನ್ನು ತಿಂಗಳಿಗೆ ನಾಲ್ಕು ಸಲ ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ಯುವವನಿಗೆ, ಸದ್ದಿಲ್ಲದೆ ಓಡುವ ಆಟೋಮ್ಯಾಟಿಕ್ ಕಾರು ಪುಕ್ಕಟೆ ಸಿಗುತ್ತದೆ ಅಂದರೆ ಆಸೆ ಆಗದೇ ಇರುತ್ತಾ?

ಪುಕ್ಕಟೆ ಅನ್ನುವ ಆ ಪದಕ್ಕೆ ನಿಮ್ಮ ಪುಸ್ತಕದಲ್ಲಿ ಜಾಗವೇ ಇಲ್ಲ ಅಂತ ಆಮೇಲೆ ತಿಳಿಯಿತು.

ಮೊದಲು ವಯಸ್ಸಿನ ವಿಷಯ. ಹಳೆ ಕಾರನ್ನು ಭಾರತಕ್ಕೆ ತರಬೇಕಾದರೆ ಅದು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು. ಇದು ನನಗೂ ಗೊತ್ತಿತ್ತು, ಕಾರು ತರಿಸಲು ನಾನು ಹಿಡಿದಿದ್ದ ಏಜೆಂಟನಿಗೂ ಗೊತ್ತಿತ್ತು. ಆದರೆ ಮೂರು ವರ್ಷ ಎಲ್ಲಿಂದ ಎಣಿಸಬೇಕು? ತಯಾರಾದ ದಿನದಿಂದ. ನೋಂದಣಿಯಾದ ದಿನದಿಂದ ಅಲ್ಲ. ಬ್ರಿಟನ್ನಿನ ನೋಂದಣಿ ಪುಸ್ತಕದಲ್ಲಿ ಎದ್ದು ಕಾಣುವುದು ಮೊದಲ ನೋಂದಣಿಯ ದಿನಾಂಕ. ಅಲ್ಲಿನ ನಂಬರ್ ಪ್ಲೇಟೂ ಅದನ್ನೇ ಹೇಳುತ್ತದೆ. ಅಕ್ಕನ ಕಾರಿನ ಪ್ಲೇಟಿನಲ್ಲಿ ‘22’ ಅಂತಿತ್ತು. ಅಂದರೆ 2022ರ ಮಾರ್ಚ್‌ನಿಂದ ಆಗಸ್ಟ್ ಒಳಗೆ ರಸ್ತೆಗಿಳಿದ ಗಾಡಿ. 2021ರಲ್ಲಿ ಚಿಪ್ ಸಿಗದೆ ಪ್ರಪಂಚದ ಎಷ್ಟೋ ಕಾರ್ಖಾನೆಗಳ ಅಂಗಳದಲ್ಲಿ ಕಾರುಗಳು ಸಾಲುಗಟ್ಟಿ ಕಾದಿದ್ದವು, ನೆನಪಿರಬಹುದು. ಈ ಕಾರೂ ಹಾಗೇ ಎಲ್ಲೋ ಏಳು ತಿಂಗಳು ನಿಂತಿತ್ತು ಅಂತ ಕಾಣುತ್ತದೆ. ಚಾಸಿಸ್ ನಂಬರ್ ಹಿಡಿದು ವಿಚಾರಿಸಿದಾಗ ಬಂದ ಉತ್ತರ: ತಯಾರಾದದ್ದು ಆಗಸ್ಟ್ 2021.

ನಾವು ಕಾರನ್ನು ಕಂಟೇನರಿಗೆ ಹತ್ತಿಸಿದ್ದು 2025ರ ಜನವರಿಯಲ್ಲಿ. ‘ಮಾರ್ಚ್‌ವರೆಗೆ ಟೈಮ್ ಇದೆ’ ಅಂತ ಏಜೆಂಟ್ ಹೇಳಿದ್ದ. ಅಷ್ಟೊತ್ತಿಗೆ ಟೈಮ್ ಮುಗಿದು ಐದು ತಿಂಗಳಾಗಿತ್ತು! ಹಡಗಿಗೆ ಹತ್ತಿಸುವ ಮೊದಲು ಅಲ್ಲೇ ಪರೀಕ್ಷೆ ಮಾಡಿಸಿ ಒಂದು ಸರ್ಟಿಫಿಕೇಟ್ ತರಬೇಕು ಅಂತ ನಿಮ್ಮ ನಿಯಮ ಹೇಳುತ್ತದೆ. ನಮ್ಮವನೂ ಒಂದು ಸರ್ಟಿಫಿಕೇಟ್ ಮಾಡಿಸಿ ಕಳಿಸಿದ್ದ. ಅದರಲ್ಲೂ ನೋಂದಣಿ ದಿನಾಂಕವನ್ನೇ ಬರೆದಿದ್ದರು. ಏಜೆಂಟ್ ನೋಡಲಿಲ್ಲ. ಅರ್ಜಿ ತುಂಬುವ ಕಸುಬಿನ ನಾನೂ ನೋಡಲಿಲ್ಲ.

ಆಗ ಕೆಂಪು ಸಮುದ್ರದ ಗಲಾಟೆಯ ಕಾಲ. ಹಡಗುಗಳು ಆಫ್ರಿಕಾದ ತುದಿ ಸುತ್ತಿಕೊಂಡು ಬರುತ್ತಿದ್ದವು. ಕಾರು ಸಮುದ್ರದ ಮೇಲಿರುವಾಗಲೇ ಫೆಬ್ರುವರಿ 1ರ ಬಜೆಟ್ ಬಂತು. ‘ಆಮದು ಕಾರಿನ ಸುಂಕ 125ರಿಂದ 70ಕ್ಕೆ ಇಳಿಕೆ’ ಅಂತ ಟೀವಿಯಲ್ಲಿ ಪಟ್ಟಿ ಓಡಿತು. ನಾನು ಅಂಗಡಿಯಲ್ಲಿದ್ದವರಿಗೆಲ್ಲ ಚಹಾ ಕೊಡಿಸಿದೆ. ಅಪ್ಪನಿಗೂ ಫೋನ್ ಮಾಡಿ ಹೇಳಿದೆ.

ಆ ಚಹಾದ ದುಡ್ಡು ದಂಡ. ಹಳೆ ಕಾರಿಗೆ ಮೊದಲು ಮೂಲ ಸುಂಕ ಶೇ 125, ಅದರ ಹತ್ತನೇ ಒಂದು ಭಾಗ ಸೆಸ್, ಒಟ್ಟು 137.5 ಇತ್ತು. ಬಜೆಟ್ಟಿನಲ್ಲಿ ಮೂಲ ಸುಂಕವನ್ನು 70ಕ್ಕೆ ಇಳಿಸಿ, ಆ ಹಳೇ ಸೆಸ್ ತೆಗೆದು, ಕೃಷಿ ಮೂಲಸೌಕರ್ಯದ ಹೆಸರಿನಲ್ಲಿ 67.5ರ ಹೊಸ ಸೆಸ್ ಹಾಕಿದಿರಿ. ಕೂಡಿಸಿ ನೋಡಿ. ಅದೇ 137.5. ನಲವತ್ತು ಸಾವಿರ ಡಾಲರ್ ದಾಟಿದ ಹೊಸ ಕಾರಿಗೂ ಹೀಗೇ: 100 ಇದ್ದದ್ದು 70 ಆಯಿತು, ಮೇಲೆ 40 ಬಂತು, ಒಟ್ಟು ಮೊದಲಿನ ಹಾಗೆ 110. ಮೊಣಕೈಗೆ ಬೆಲ್ಲ ಸವರುವುದು ಅಂದರೆ ಇದೇ ಇರಬೇಕು. ಲೆಕ್ಕ ಬಲ್ಲವರಿಗೆ ಇದು ಒಂದು ನಿಮಿಷದ ಮಾತು. ಟೀವಿ ನೋಡುವವರಿಗೆ ಸುಂಕ ಇಳಿಯಿತು ಅಂತಲೇ ಅನಿಸುತ್ತದೆ.

ಇನ್ನೊಂದು ತಮಾಷೆ ಗಮನಿಸಿ. ಹೊಸ ಐಷಾರಾಮಿ ಕಾರಿಗೆ 110, ಅಕ್ಕ ಓಡಿಸಿ ಬಿಟ್ಟ ಹಳೆ ಕಾರಿಗೆ 137.5.

ಈಗ ಮುಖ್ಯ ಪ್ರಶ್ನೆ, ಯಾವ ಬೆಲೆಯ ಮೇಲೆ 137.5? ‘ಗಿಫ್ಟ್ ಅಲ್ವಾ, ಕಡಿಮೆ ಬೆಲೆ ತೋರಿಸೋಣ’ ಅಂತ ಏಜೆಂಟ್ ಅಂದಿದ್ದ. ಆ ಮಾತು ಕೇಳಿದಾಗಲೇ ನನ್ನ ಕಿವಿ ನೆಟ್ಟಗಾಗಬೇಕಿತ್ತು. ಹಳೆ ಕಾರಿನ ಬೆಲೆಯನ್ನು ಕಸ್ಟಮ್ಸ್‌ನವರು ತಮ್ಮದೇ ಲೆಕ್ಕದಲ್ಲಿ ಕಟ್ಟುತ್ತಾರೆ. ಕಾರು ಹೊಸದಾಗಿದ್ದಾಗ ಕಂಪನಿಯ ಬೆಲೆಪಟ್ಟಿಯಲ್ಲಿ ಎಷ್ಟಿತ್ತೋ ಅಲ್ಲಿಂದ ಶುರು. ಅದರಲ್ಲಿ ಸವಕಳಿ ಕಳೆಯುತ್ತಾರೆ. ಮೊದಲ ವರ್ಷ ಪ್ರತಿ ಮೂರು ತಿಂಗಳಿಗೆ ಶೇ 4, ಎರಡನೇ ವರ್ಷ 3, ಮೂರನೇ ವರ್ಷ 2.5. ಮೂರು ವರ್ಷಕ್ಕೆ ಒಟ್ಟು 38. ಉಳಿದದ್ದಕ್ಕೆ ಹಡಗಿನ ಬಾಡಿಗೆ, ಇನ್ಶೂರೆನ್ಸ್ ಸೇರಿಸುತ್ತಾರೆ. ನೆಂಟರು ಅರ್ಧ ಬೆಲೆಗೆ ಕೊಡಲಿ, ಪ್ರೀತಿಗೆ ಕೊಡಲಿ, ಈ ಲೆಕ್ಕ ಅಲುಗಾಡುವುದಿಲ್ಲ.

ನನ್ನ ಅಂಗಡಿಗೆ ಬಂದು ಕೇಳುವವರಿಗೆ ಈಗ ಒಂದು ಗುಂಡು ಲೆಕ್ಕ ಬರೆದು ತೋರಿಸುತ್ತೇನೆ. ಕಸ್ಟಮ್ಸ್ ಕಟ್ಟಿದ ಬೆಲೆ 10 ಲಕ್ಷ ಅಂತಿಟ್ಟುಕೊಳ್ಳಿ. ಸುಂಕ 13.75 ಲಕ್ಷ. ಎರಡೂ ಸೇರಿ 23.75. ಅದರ ಮೇಲೆ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರಿಗೆ ಶೇ 40. ಅಂದರೆ 9.5 ಲಕ್ಷ. ಈಗ 33.25 ಆಯಿತು. ಇನ್ನು ಕರ್ನಾಟಕದ ಆರ್‌ಟಿಒ ಬಾಗಿಲು. 20 ಲಕ್ಷ ದಾಟಿದ ಕಾರಿಗೆ ಜೀವಾವಧಿ ತೆರಿಗೆ ಶೇ 18, ಆ ತೆರಿಗೆಯ ಮೇಲೆ 11ರ ಸೆಸ್. ಹೆಚ್ಚುಕಡಿಮೆ ಶೇ 20. ಸುಂಕ ಸೇರಿಸಿದ ಬೆಲೆಗೆ, ಹೊಸ ಕಾರಿನ ದರದಲ್ಲೇ ಹಿಡಿದರೆ ಇನ್ನೊಂದು 6.6 ಲಕ್ಷ. ಹತ್ತು ಲಕ್ಷದ ಕಾರು ಮನೆ ಮುಂದೆ ಬಂದು ನಿಲ್ಲುವಾಗ 40 ಲಕ್ಷ. ಕಾರಿನ ವಯಸ್ಸು ನೋಡಿ ರಸ್ತೆ ತೆರಿಗೆಯಲ್ಲಿ ಅಷ್ಟಿಷ್ಟು ಕಡಿತ ಸಿಗಬಹುದು. ಕಥೆ ಏನೂ ಬದಲಾಗುವುದಿಲ್ಲ.

ನನ್ನ ಕಾರಿನದ್ದೂ ಬಂದರಿನಲ್ಲಿ ಕೂತು ಲೆಕ್ಕ ಹಾಕಿದೆ. ತೆರಿಗೆಯೇ ನಲವತ್ತು ಲಕ್ಷ ದಾಟಿತು. ಏಜೆಂಟ್ ನನಗೆ ಹೇಳಿದ್ದು ‘ಎಲ್ಲಾ ಸೇರಿ ಹನ್ನೆರಡು’. ಹಾಗೆ ನೋಡಿದರೆ ಆ ಬೆಲ್ಟಿನ ಚೀಟಿ ನನ್ನನ್ನು ಉಳಿಸಿತು. ವಯಸ್ಸು ಸರಿಯಿದ್ದಿದ್ದರೆ ಅಡಿಕೆ ತೋಟದ ಮೇಲೆ ಸಾಲ ತೆಗೆದಾದರೂ ಆ ದುಡ್ಡು ಕಟ್ಟುತ್ತಿದ್ದೆನೋ ಏನೋ. ಒಂದು ಸಲ ಕಾರು ಬಂದು ಕಣ್ಣೆದುರು ನಿಂತ ಮೇಲೆ ಮನುಷ್ಯನಿಗೆ ಬುದ್ಧಿ ನೆಟ್ಟಗಿರುವುದಿಲ್ಲ.

ಆಮೇಲೆ ಏನಾಯಿತು ಅಂತ ಹೇಳಬೇಕು. ಇಲ್ಲಿಂದ ಮುಂದಿನದ್ದನ್ನು ಯಾವ ಏಜೆಂಟೂ ಹೇಳುವುದಿಲ್ಲ.

‘ಬೇಡ ಸ್ವಾಮಿ, ಈ ಕಾರು ನೀವೇ ಇಟ್ಕೊಳ್ಳಿ, ನಾನು ಊರಿಗೆ ಹೋಗ್ತೀನಿ’ ಅಂತ ನಿಜವಾಗಿ ಅಂದೆ. ಕಸ್ಟಮ್ಸ್ ಕಾಯ್ದೆಯಲ್ಲಿ ಅಂಥ ದಾರಿ ಇದೆ. ಸೆಕ್ಷನ್ 23ರ ಪ್ರಕಾರ ಆಮದುದಾರ ತನ್ನ ಸಾಮಾನಿನ ಮೇಲಿನ ಹಕ್ಕು ಬಿಟ್ಟುಕೊಡಬಹುದು. ಬಿಟ್ಟರೆ ಸುಂಕವಿಲ್ಲ. ಆದರೆ ಅದರ ಕೆಳಗೇ ಇನ್ನೊಂದು ಸಾಲು: ಆ ಸಾಮಾನಿನ ವಿಷಯದಲ್ಲಿ ಕಾನೂನು ಉಲ್ಲಂಘನೆ ನಡೆದಂತೆ ಕಂಡರೆ ಹಾಗೆ ಬಿಡಲು ಅವಕಾಶವಿಲ್ಲ. ನಿಯಮ ಮೀರಿದ ಕಾರು ಬಂದಿದೆ ಅಂದ ಮೇಲೆ ಉಲ್ಲಂಘನೆ ಆಗಿಯೇ ಆಗಿದೆ. ಬಿಟ್ಟೆನೆಂದರೂ ಬಿಡದು ಮಾಯೆ ಅಂತಾರಲ್ಲ, ಸರ್ಕಾರಿ ಭಾಷೆಯಲ್ಲಿ ಅದನ್ನು ನೋಡಿದ್ದು ಅವತ್ತೇ.

ಕಾರನ್ನು ಮುಟ್ಟುಗೋಲು ಹಾಕಿಕೊಂಡ ಆದೇಶ ಬಂತು. ದಂಡ ಕಟ್ಟಿ ವಾಪಸ್ ಕಳಿಸಬಹುದು ಅಂತ ಅದರಲ್ಲೇ ಅವಕಾಶ ಕೊಟ್ಟಿದ್ದರು. ಕಾರು ಬಿಡಿಸಿಕೊಳ್ಳುವ ದಂಡ ಬೇರೆ, ನನ್ನ ತಪ್ಪಿಗೆ ದಂಡ ಬೇರೆ. ಆದೇಶ ಬರುವವರೆಗೆ ಸಿಎಫ್‌ಎಸ್, ಅಂದರೆ ಕಂಟೇನರ್ ಇಡುವ ಅಂಗಳದ ಬಾಡಿಗೆ ದಿನದ ಲೆಕ್ಕ. ಕಂಟೇನರ್ ಹಿಡಿದಿಟ್ಟುಕೊಂಡಿದ್ದಕ್ಕೆ ಹಡಗು ಕಂಪನಿಗೆ ಇನ್ನೊಂದು ಬಾಡಿಗೆ, ಅದು ಡಾಲರಿನಲ್ಲಿ. ದಿನ ಕಳೆದ ಹಾಗೆ ದರ ಏರುತ್ತದೆ. ಕಸ್ಟಮ್ಸ್ ಕೆಲಸ ಮಾಡಿಸಿಕೊಡುವ ಸಿಎಚ್‌ಎ ಫೀಸು, ಲಿಫ್ಟಿಂಗ್, ಮತ್ತೆ ಹಡಗಿನ ಬಾಡಿಗೆ. ಎಲ್ಲ ಮುಗಿದು ಕಾರು ಇಂಗ್ಲೆಂಡಿಗೆ ಮರಳಿ ಮಾರಾಟವಾದಾಗ ನನ್ನ ಕೈಯಿಂದ ಹೋಗಿದ್ದು ಒಂಬತ್ತೂವರೆ ಲಕ್ಷ. ಅಕ್ಕ ಅದನ್ನು ಲೆಸ್ಟರ್‌ನಲ್ಲೇ ಮಾರಿ ದುಡ್ಡು ಕಳಿಸಿದ್ದರೆ ಇಲ್ಲಿ ಒಂದು ಒಳ್ಳೆ ಕಾರಿಗೆ ಮುಂಗಡ ಕೊಡಬಹುದಿತ್ತು. ಅವಳು ಇವತ್ತಿಗೂ ಫೋನಿನಲ್ಲಿ ಆ ಮಾತು ಎತ್ತುವುದಿಲ್ಲ. ನಾನೂ ಎತ್ತುವುದಿಲ್ಲ.

ಬೆಲ್ಟ್ ಎಳೆದ ಅಧಿಕಾರಿಯ ಬಗ್ಗೆ ನನಗೆ ಸಿಟ್ಟಿಲ್ಲ. ಮರ್ಯಾದೆಯಿಂದ ಮಾತಾಡಿದರು, ಕುರ್ಚಿ ಕೊಟ್ಟರು. ‘ಲೋಡ್ ಮಾಡೋ ಮುಂಚೆ ಯಾರನ್ನಾದ್ರೂ ಕೇಳಬಾರದಿತ್ತಾ?’ ಅಂದರು.

ಯಾರನ್ನು ಕೇಳಬೇಕಿತ್ತು? ಈ ಪತ್ರ ಬರೆಯುತ್ತಿರುವುದೇ ಆ ಪ್ರಶ್ನೆಗಾಗಿ.

ನಿಯಮವೇ ಬೇಡ ಅನ್ನುವವನಲ್ಲ ನಾನು. ಬಾಗಿಲು ಪೂರ್ತಿ ತೆರೆದು ಬಿಟ್ಟರೆ ಏನಾಗುತ್ತದೆ ಅಂತ ನ್ಯೂಜಿಲೆಂಡ್ ನೋಡಿದರೆ ಗೊತ್ತಾಗುತ್ತದೆ. ಜಪಾನಿನ ಹಳೆ ಕಾರುಗಳು ಹೊಳೆಯ ಹಾಗೆ ಹರಿದು ಬಂದವು, ಸುಂಕವೂ ಹೋಯಿತು, 1998ರಲ್ಲಿ ಅಲ್ಲಿನ ಕೊನೆಯ ಕಾರು ಜೋಡಣೆ ಕಾರ್ಖಾನೆಗಳು ಮುಚ್ಚಿದವು. ನಮ್ಮ ಬಿಡದಿಯಲ್ಲಿ ಸಾವಿರಾರು ಜನ ಕಾರು ಕಟ್ಟಿ ಊಟ ಮಾಡುತ್ತಿದ್ದಾರೆ. ಬೇರೆ ದೇಶ ಬಿಸಾಡಿದ ಹೊಗೆ ಗಾಡಿಗಳ ತಿಪ್ಪೆಯಾಗುವುದು ನಮಗೆ ಬೇಡವೇ ಬೇಡ. ಶ್ರೀಲಂಕಾದ ಕಥೆಯೂ ಕೇಳಿದ್ದೇನೆ. ಡಾಲರ್ ಉಳಿಸಲು 2020ರಲ್ಲಿ ಕಾರು ಆಮದನ್ನೇ ನಿಲ್ಲಿಸಿ, 2025ರಲ್ಲಿ ಮತ್ತೆ ತೆರೆದರು. ಒಂದು ದೇಶ ತನ್ನ ಬಾಗಿಲು ಎಷ್ಟು ತೆರೆಯಬೇಕು ಅನ್ನುವುದು ಅದರ ಇಷ್ಟ.

ನನ್ನ ತಕರಾರು ಬಾಗಿಲಿನ ಬೋರ್ಡಿನ ಬಗ್ಗೆ. 2001ರ ಏಪ್ರಿಲ್‌ನಲ್ಲಿ ಆಮದಿನ ಹಳೆ ನಿರ್ಬಂಧಗಳನ್ನು ತೆಗೆದಾಗ ‘ಬನ್ನಿ’ ಅಂತ ಬೋರ್ಡ್ ಹಾಕಿದಿರಿ. ಅದರ ಕೆಳಗೆ ಸಣ್ಣಕ್ಷರದಲ್ಲಿ ಬರೆದ ಷರತ್ತುಗಳನ್ನು ಓದುತ್ತಾ ಹೋದರೆ, ಬರುವವನು ಯಾರೂ ಇರಲಾರ ಅನಿಸುತ್ತದೆ. ಹಳೆ ಕಾರು ಮುಂಬೈ ಬಂದರಿನಿಂದ ಮಾತ್ರ ಒಳಗೆ ಬರಬೇಕು. ನನ್ನ ಊರಿಗೆ ಹತ್ತಿರದ, ಮಂಗಳೂರಿನ ಪಣಂಬೂರು ಬಂದರಿಗೆ ಬರುವ ಹಾಗಿಲ್ಲ. ಬಲಗೈ ಸ್ಟೀರಿಂಗ್ ಇರಬೇಕು. ಸ್ಪೀಡೋಮೀಟರ್ ಕಿಲೋಮೀಟರ್ ತೋರಿಸಬೇಕು, ಇಂಗ್ಲೆಂಡಿನ ಕಾರು ಮೈಲಿ ತೋರಿಸುತ್ತದೆ. ಹೆಡ್‌ಲೈಟಿನ ಬೆಳಕು ಎಡಗಡೆ ಓಡುವ ರಸ್ತೆಗೆ ಹೊಂದಬೇಕು. ಹಡಗು ಹತ್ತುವ ಮೊದಲು ಅಲ್ಲಿ ಒಂದು ಪರೀಕ್ಷೆ. ಬಂದ ಮೇಲೆ, ಬಂದರಿನಿಂದ ಬಿಡುವ ಮೊದಲು, ಪುಣೆಯ ಎಆರ್‌ಎಐ, ಅಹಿಲ್ಯಾನಗರದ (ಹಿಂದಿನ ಅಹ್ಮದ್‌ನಗರ) ವಿಆರ್‌ಡಿಇ ಅಥವಾ ಮಧ್ಯಪ್ರದೇಶದ ಬುದ್ನಿಯಂಥ ವಾಹನ ಪರೀಕ್ಷಾ ಕೇಂದ್ರದಲ್ಲಿ ಇನ್ನೊಂದು ಪರೀಕ್ಷೆ. ಇನ್ನೂ ಐದು ವರ್ಷ ರಸ್ತೆಯಲ್ಲಿ ಓಡಲು ಯೋಗ್ಯ, ಅಷ್ಟೂ ದಿನ ಇಲ್ಲಿ ಸರ್ವಿಸ್ ಸಿಗುತ್ತದೆ ಅಂತ ಬರೆದುಕೊಡಬೇಕು. ಒಂದು ಕಾರು ತರುವವನು ಸರ್ವಿಸ್ ಸೆಂಟರ್ ಎಲ್ಲಿಂದ ತರಲಿ?

ಅದೇ ದೊಡ್ಡ ಕಂಪನಿಗಳಿಗೆ 2018ರಲ್ಲಿ ಒಂದು ಸಡಿಲಿಕೆ ಕೊಟ್ಟಿರಿ. ಯುರೋಪ್ ಅಥವಾ ಜಪಾನಿನ ಮಾನದಂಡ ದಾಟಿದ ಬಲಗೈ ಸ್ಟೀರಿಂಗಿನ ಕಾರುಗಳನ್ನು ವರ್ಷಕ್ಕೆ 2,500ರವರೆಗೆ ಇಲ್ಲಿ ಮತ್ತೆ ಪರೀಕ್ಷೆ ಮಾಡಿಸದೇ ತರಬಹುದು. ಸರಿ, ಒಳ್ಳೆಯದೇ. ಯುರೋಪಿನ ಪರೀಕ್ಷೆಯನ್ನು ಕಂಪನಿ ತೋರಿಸಿದರೆ ನಂಬುತ್ತೀರಿ, ಅಕ್ಕ ತೋರಿಸಿದರೆ ನಂಬುವುದಿಲ್ಲ.

ಇದರ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಸಾಲು. ಖಾಯಂ ಆಗಿ ಊರಿಗೆ ಮರಳುವವರದ್ದು ಬೇರೆ, ವಾರಸುದಾರರದ್ದು ಬೇರೆ, ಅಂಗವಿಕಲರದ್ದು ಬೇರೆ, ಪಂದ್ಯದಲ್ಲಿ ಬಹುಮಾನ ಬಂದ ಕಾರಿನದ್ದು ಬೇರೆ. ಮನೆ ಸಾಮಾನಿಗೆ ಸಿಗುವ ‘ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್’ ಲಗೇಜ್ ರಿಯಾಯಿತಿಯಲ್ಲಿ ಫ್ರಿಜ್ಜು, ವಾಷಿಂಗ್ ಮಷೀನ್ ಬರುತ್ತದೆ, ಕಾರು ಬರುವುದಿಲ್ಲ. ಎಷ್ಟು ಜನ ಇದನ್ನೂ ಅದನ್ನೂ ಕಲಸಿಕೊಂಡಿದ್ದಾರೆ ಅಂತ ನನ್ನ ಅಂಗಡಿಗೆ ಬಂದು ನೋಡಬೇಕು.

ಬಹುಮಾನದ ಕಾರು ಅಂದಾಗ ಸಚಿನ್ ತೆಂಡೂಲ್ಕರ್ ನೆನಪಾಗುತ್ತಾರೆ. 2002ರಲ್ಲಿ ಬ್ರಾಡ್ಮನ್ ಅವರ 29 ಶತಕ ಸರಿಗಟ್ಟಿದ್ದಕ್ಕೆ ಫೆರಾರಿ 360 ಮೊಡೆನಾ ಸಿಕ್ಕಿತು. ಸುಂಕವೇ ಒಂದು ಕೋಟಿ ದಾಟಿತ್ತು. ಸರ್ಕಾರ ಅದನ್ನು ಮನ್ನಾ ಮಾಡಿತು, ದೇಶದಲ್ಲಿ ಗದ್ದಲವಾಯಿತು, ವಿಷಯ ದೆಹಲಿ ಹೈಕೋರ್ಟಿಗೂ ಹೋಯಿತು, ಕೊನೆಗೆ ಕಾರು ಕೊಟ್ಟ ಕಂಪನಿಯೇ ಸುಂಕ ಕಟ್ಟಿತು. ಅವರ ಉಡುಗೊರೆಗೂ ಇಷ್ಟು ಪಾಡು ಅಂದ ಮೇಲೆ ನನ್ನದೇನು.

ಗಲ್ಫ್‌ನಲ್ಲಿರುವ ನಮ್ಮವರಿಗೆ ಒಂದು ಮಾತು. ಮಂಗಳೂರು, ಉಡುಪಿ, ಭಟ್ಕಳ ಕಡೆಯಿಂದ ಈ ಪ್ರಶ್ನೆ ಜಾಸ್ತಿ. ದುಬೈ, ದೋಹಾ, ಕುವೈತ್, ರಿಯಾದ್ ಎಲ್ಲ ಕಡೆ ಸ್ಟೀರಿಂಗ್ ಎಡಕ್ಕೆ. ಬಲಗೈ ಸ್ಟೀರಿಂಗ್ ಇರಬೇಕು ಅನ್ನುವ ಷರತ್ತು ಹಳೆ ಕಾರಿಗೂ ಇದೆ, ಹೊಸದಕ್ಕೂ ಇದೆ. ‘ಸ್ಟೀರಿಂಗ್ ಈ ಕಡೆಗೆ ಹಾಕಿಸಿಕೊಡ್ತೀವಿ’ ಅನ್ನುವವರು ಸಿಗುತ್ತಾರೆ. ಡ್ಯಾಶ್‌ಬೋರ್ಡ್ ಬಿಚ್ಚಿ, ಏರ್‌ಬ್ಯಾಗ್ ಕಿತ್ತು, ಬ್ರೇಕಿನ ರಾಡ್ ತಿರುಗಿಸಿ ಜೋಡಿಸಿದ ಕಾರಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಇಳಿಯುತ್ತೀರಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ.

‘ಕಾರ್ನೆಟ್ ಮಾಡಿಸಿದರೆ ಸುಂಕವೇ ಇಲ್ಲ’ ಅನ್ನುವುದು ಇನ್ನೊಂದು ಗಾಳಿಮಾತು. ಕೇರಳದ ರಸ್ತೆಯಲ್ಲಿ ದುಬೈ ನಂಬರ್ ಪ್ಲೇಟಿನ ಕಾರು ನೋಡಿ ಬಂದವರು ಹೀಗೆ ಹೇಳುತ್ತಾರೆ. ಕಾರ್ನೆಟ್ ಅಂದರೆ ಪ್ರವಾಸಕ್ಕೆ ತಂದ ಗಾಡಿಯನ್ನು ವಾಪಸ್ ಒಯ್ಯುತ್ತೇನೆ ಅಂತ ಜಾಮೀನಿಟ್ಟು ಬರೆದುಕೊಟ್ಟ ಮಾತು. ಸಾಮಾನ್ಯವಾಗಿ ಆರು ತಿಂಗಳು. ಒಯ್ಯದಿದ್ದರೆ ಸುಂಕವನ್ನು ಆ ಜಾಮೀನಿನಿಂದಲೇ ಎಳೆದುಕೊಳ್ಳುತ್ತಾರೆ.

ಇನ್ನು ಅಡ್ಡದಾರಿಗಳು. ಅಧಿಕಾರಿಗಳೇ, ಇದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ರಾಜತಾಂತ್ರಿಕರ ಹೆಸರಿನಲ್ಲಿ ಸುಂಕವಿಲ್ಲದೆ ಐಷಾರಾಮಿ ಕಾರು ತರಿಸಿ ಬೇರೆಯವರಿಗೆ ಮಾರುತ್ತಿದ್ದ ಜಾಲವನ್ನು 2021ರಲ್ಲಿ ಕೇಂದ್ರದ ಕಂದಾಯ ಗುಪ್ತಚರ ಇಲಾಖೆ (ಡಿಆರ್‌ಐ) ‘ಆಪರೇಷನ್ ಮಾಂಟೆ ಕಾರ್ಲೊ’ದಲ್ಲಿ ಹಿಡಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಕೊಚ್ಚಿಯ ಕಸ್ಟಮ್ಸ್‌ನವರು ‘ಆಪರೇಷನ್ ನುಮ್ಖೋರ್’ ನಡೆಸಿದರು. ಭೂತಾನಿನಿಂದ ಹಳೆ ಎಸ್‌ಯುವಿಗಳನ್ನು ಗಡಿ ದಾಟಿಸಿ, ಇಲ್ಲಿ ಹೊಸ ಕಾಗದ ಹುಟ್ಟಿಸಿ ಮಾರಿದ್ದಾರೆ ಅನ್ನುವುದು ಆರೋಪ. ಕೇರಳದಲ್ಲಿ ಮನೆ ಮನೆಗೆ ಹೋಗಿ ಗಾಡಿಗಳನ್ನು ವಶಕ್ಕೆ ತೆಗೆದುಕೊಂಡರು. ಇಂಥದ್ದರಲ್ಲಿ ಗಾಡಿ ಹೋಗುವುದು ಕಡೆಯಲ್ಲಿ ಕೊಂಡವನ ಅಂಗಳದಿಂದ. ಮೊದಲು ತಂದವನು ಅಷ್ಟೊತ್ತಿಗೆ ದುಡ್ಡು ಎಣಿಸಿಕೊಂಡು ಹೋಗಿರುತ್ತಾನೆ. ಹಾಗಾಗಿ ಬೆಂಗಳೂರಿನಲ್ಲಿ ಕೂತು ‘ಇಂಪೋರ್ಟೆಡ್, ಸಿಂಗಲ್ ಓನರ್’ ಅಂತ ಅಗ್ಗಕ್ಕೆ ಸಿಗುವ ಗಾಡಿ ನೋಡುವವರು ಆರ್‌ಸಿ ಒಂದನ್ನೇ ನಂಬಬೇಡಿ. ಕಸ್ಟಮ್ಸ್‌ಗೆ ಕೊಟ್ಟ ಆಮದಿನ ಕಾಗದ, ಅಂದರೆ ಬಿಲ್ ಆಫ್ ಎಂಟ್ರಿ ಎಲ್ಲಿ, ಸುಂಕ ಕಟ್ಟಿದ ಚಲನ್ ಎಲ್ಲಿ ಅಂತ ಕೇಳಿ. ಅದಿಲ್ಲ ಅಂದರೆ ಎದ್ದು ಬನ್ನಿ.

ಬೇರೆ ರಾಜ್ಯದ ನೋಂದಣಿಯ ಆಟವೂ ಈಗ ನಡೆಯುವುದಿಲ್ಲ. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಗೆ ಆರ್‌ಟಿಒದವರು ಕಟ್ಟಿಸಿಕೊಂಡದ್ದು ಸುಮಾರು 1.4 ಕೋಟಿ ರೂಪಾಯಿ.

ಬ್ರಿಟನ್ ಜೊತೆ ವ್ಯಾಪಾರ ಒಪ್ಪಂದಕ್ಕೆ 2025ರ ಜುಲೈ 24ರಂದು ಸಹಿ ಬಿತ್ತಲ್ಲ, ಅವತ್ತು ನನಗೆ ಹನ್ನೊಂದು ವಾಟ್ಸಾಪ್ ಮೆಸೇಜ್ ಬಂದವು. ‘ಕಾರಿನ ಸುಂಕ 10ಕ್ಕೆ ಇಳೀತಂತೆ, ನೀನು ಆತುರ ಮಾಡಿದೆ’ ಅಂತ. ಅದು ವರ್ಷಕ್ಕಿಷ್ಟು ಕಾರು ಅನ್ನುವ ಕೋಟಾ ಒಳಗೆ ಹಂತ ಹಂತವಾಗಿ ಇಳಿಯುವ ಲೆಕ್ಕ. ಮೂರು ವರ್ಷದ ನಿಯಮ ಬೇರೆಯದೇ ಕಾಗದದಲ್ಲಿದೆ. ಸುಂಕ ಸೊನ್ನೆ ಆದರೂ ಅಕ್ಕನ ಕಾರು ಒಳಗೆ ಬರುತ್ತಿರಲಿಲ್ಲ. ಒಬ್ಬೊಬ್ಬರಿಗೂ ಇದನ್ನು ಬರೆದು ಸಾಕಾಯಿತು.

ಅಧಿಕಾರಿಗಳೇ, ಈಗ ನನ್ನ ಬೇಡಿಕೆ. ಸುಂಕ ಇಳಿಸಿ ಅಂತ ಕೇಳುವುದಿಲ್ಲ. ಮೂರು ವರ್ಷವನ್ನು ಐದು ಮಾಡಿ ಅಂತಲೂ ಕೇಳುವುದಿಲ್ಲ. ನೀವು ಬಂದರಿನಲ್ಲಿ ಕೇಳುವ ಪ್ರಶ್ನೆಗಳನ್ನು ಹಡಗು ಹತ್ತುವ ಮೊದಲೇ ಕೇಳಿ. ಒಂದೇ ಒಂದು ಪುಟ ಸಾಕು. ಚಾಸಿಸ್ ನಂಬರ್, ತಯಾರಾದ ತಿಂಗಳು, ದೇಶ, ಸ್ಟೀರಿಂಗ್ ಯಾವ ಕಡೆ, ತರುವವರು ಯಾವ ಸಾಲಿನವರು. ಇಷ್ಟು ತುಂಬಿದರೆ ‘ಆಗುತ್ತದೆ, ಸುಮಾರು ಇಷ್ಟು ಸುಂಕ’ ಅಥವಾ ‘ಆಗಲ್ಲ, ಈ ಕಾರಣಕ್ಕೆ’ ಅಂತ ಹದಿನೈದು ದಿನದಲ್ಲಿ ಸಹಿ ಹಾಕಿದ ಉತ್ತರ ಕೊಡಿ. ಫೀಸು ಇಡಿ, ಬೇಕಾದರೆ ಎರಡು ಸಾವಿರ, ಐದು ಸಾವಿರ. ಕೊಡುತ್ತೇವೆ. ಕಸ್ಟಮ್ಸ್‌ನಲ್ಲಿ ಮುಂಗಡ ತೀರ್ಪು ಪಡೆಯುವ ವ್ಯವಸ್ಥೆ ಈಗಾಗಲೇ ಇದೆ ಅಂತ ಗೊತ್ತು. ಅದಕ್ಕೆ ಹತ್ತು ಸಾವಿರ ಫೀಸು, ಮೂರು ತಿಂಗಳ ಗಡುವು, ಅರ್ಜಿ ಬರೆಯಲು ವಕೀಲರು. ತಿಂಗಳುಗಳ ಲೆಕ್ಕದಲ್ಲಿ ವಯಸ್ಸು ಮೀರುವ ಕಾರಿಗೆ ಮೂರು ತಿಂಗಳು ಕಾಯುವುದು ಆಗುವ ಮಾತೇ?

ಆ ಉತ್ತರದ ನಂಬರ್ ಇಲ್ಲದೆ ಹಳೆ ಕಾರು ಹತ್ತಿಸಿಕೊಳ್ಳಬಾರದು ಅಂತ ಹಡಗು ಕಂಪನಿಗಳಿಗೂ ಹೇಳಿಬಿಡಿ. ವೀಸಾ ಇಲ್ಲದವರನ್ನು ವಿಮಾನ ಹತ್ತಿಸಿಕೊಳ್ಳುವುದಿಲ್ಲ ತಾನೇ? ಹಾಗೆ ಮಾಡಿದರೆ ನಿಮ್ಮ ಅಂಗಳದಲ್ಲಿ ವರ್ಷಗಟ್ಟಲೆ ಧೂಳು ತಿನ್ನುತ್ತಾ ನಿಂತ ಕಾರುಗಳೂ ಕಡಿಮೆ ಆಗುತ್ತವೆ. ನಾನು ಹೋದಾಗ ಅಲ್ಲಿ ಒಂದು ಕಾರಿನ ಟೈರಿನ ಸಂದಿಯಲ್ಲಿ ಅರಳಿ ಗಿಡ ಹುಟ್ಟಿತ್ತು.

ಆ ಪುಟ ಕನ್ನಡದಲ್ಲೂ ಇರಲಿ. ತಮಿಳು, ಮಲಯಾಳಂ, ಪಂಜಾಬಿಯಲ್ಲೂ ಇರಲಿ. ಹೊರದೇಶದಲ್ಲಿ ದುಡಿಯುವವರಿಗೆ ಇಂಗ್ಲಿಷ್ ಬರುತ್ತದೆ, ನಿಜ. ದುಡ್ಡು ಕಟ್ಟುವ, ಬಂದರಿಗೆ ಓಡುವ, ಸಹಿ ಹಾಕುವ ಅಪ್ಪ, ತಮ್ಮ, ಅತ್ತೆ ಊರಲ್ಲಿರುತ್ತಾರೆ.

ಕನ್ನಡದ ಪುಟದ ಕರಡನ್ನು ನಾನೇ ಬರೆದಿದ್ದೇನೆ. ಎರಡೂ ಬದಿ ಸೇರಿ ಒಂದೇ ಹಾಳೆ. ಸೀಟ್ ಬೆಲ್ಟ್ ಚೀಟಿಯ ಚಿತ್ರವನ್ನು ಪಕ್ಕದ ಮನೆಯ ಹುಡುಗಿ ಬಿಡಿಸಿಕೊಟ್ಟಳು. ಈ ಪತ್ರದ ಜೊತೆ ನಿಮ್ಮ ಕಚೇರಿಗಳಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ತಪ್ಪಿದ್ದ ಕಡೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸಿ. ಸ್ಟ್ಯಾಂಪ್ ಹಚ್ಚಿದ ಲಕೋಟೆ ಒಳಗೇ ಇಟ್ಟಿದ್ದೇನೆ.

ಇಂತಿ,
ಜೆರಾಕ್ಸ್ ಅಂಗಡಿಯವ
ಸಾಗರ, ಶಿವಮೊಗ್ಗ ಜಿಲ್ಲೆ